ಪದ್ಮಿನಿಗೆ ಗುಜರಿ ಫ್ಯಾನ್: ಕೆಲಸ ಕಲಿಸಿದ ಎಂಟು ಪಾಠಗಳು

ಪ್ರೀಮಿಯರ್ ಪದ್ಮಿನಿಯ ಫ್ಯಾನು ವಾಟರ್ ಪಂಪಿನ ಮೂತಿಗೆ ಅಂಟಿಕೊಂಡು ಬೆಲ್ಟಿನ ಜೊತೆ ತಿರುಗುತ್ತದೆ. ಎಂಜಿನ್ ಎಷ್ಟು ಓಡಿದರೆ ಅಷ್ಟೇ ಅದರ ಓಟ. ಹೆದ್ದಾರಿಯಲ್ಲಿ ಗಾಳಿ ತಾನಾಗಿ ನುಗ್ಗುವಾಗ ಅದು ಭರ್ರೆಂದು ಸುತ್ತುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಗಾಡಿ ನಿಂತು, ಗಾಳಿ ನಿಜವಾಗಿ ಬೇಕಾದಾಗ ಮಂದವಾಗುತ್ತದೆ. ಆ ಕಾಲದ ರಸ್ತೆಗೆ ಅದು ಸಾಕಿತ್ತು, ಈಗಿನ ಬೆಂಗಳೂರಿಗೆ ಸಾಲದು. ಹಾಗಾಗಿ ನನ್ನ 1978ರ ಗಾಡಿಗೆ, ಆಮೇಲೆ ಗೆಳೆಯರ ನಾಲ್ಕು ಗಾಡಿಗಳಿಗೆ, ಗುಜರಿಯ ಎಲೆಕ್ಟ್ರಿಕ್ ಫ್ಯಾನ್ ಕೂರಿಸಿದೆ. ಆ ಐದು ಗಾಡಿಗಳು ಕಲಿಸಿದ್ದು ಇಷ್ಟು.

1. ಮೊದಲು ಕಾಯಿಲೆ ತಿಳಿಯಲಿ, ಮದ್ದು ಆಮೇಲೆ

ಬಿಸಿಯ ಮುಳ್ಳು ಎಲ್ಲಿ ಏರುತ್ತದೆ ಎಂದು ಒಂದು ವಾರ ಗಮನಿಸಿ. ಸಿಗ್ನಲ್ಲಿನಲ್ಲಿ ಏರಿ, ಗಾಡಿ ಹೊರಟ ಕೂಡಲೇ ಇಳಿದರೆ ಕೊರತೆ ಗಾಳಿಯದು; ಫ್ಯಾನ್ ಕೆಲಸಕ್ಕೆ ಬರುತ್ತದೆ. ಅರವತ್ತರ ವೇಗದಲ್ಲೂ ಏರುತ್ತಲೇ ಇದ್ದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು, ಥರ್ಮೋಸ್ಟಾಟ್ ತೆರೆಯದಿರಬಹುದು, ವಾಟರ್ ಪಂಪ್ ಸವೆದಿರಬಹುದು. ಅದಕ್ಕೆ ಎಂಥ ಫ್ಯಾನ್ ಹಾಕಿದರೂ ವ್ಯರ್ಥ. ರೇಡಿಯೇಟರ್ ಮುಚ್ಚಳದ ಸ್ಪ್ರಿಂಗು, ರಬ್ಬರನ್ನೂ ನೋಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ತೆರೆದ ಪಾತ್ರೆಯ ನೀರು ಇಲ್ಲಿ 97 ಡಿಗ್ರಿಗೇ ಕುದಿಯುತ್ತದೆ. ಒತ್ತಡ ಹಿಡಿಯದ ಮುಚ್ಚಳ ಇದ್ದರೆ ನಿಮ್ಮ ಎಂಜಿನ್ನೂ ತೆರೆದ ಪಾತ್ರೆಯೇ.

2. ಗುಜರಿಯಲ್ಲಿ ಕಣ್ಣಿಗಿಂತ ಬೆರಳನ್ನು ನಂಬಿ

ಮಾರುತಿ 800 ದಶಕಗಳ ಕಾಲ ತಯಾರಾದ ಗಾಡಿ. ಅದರ ಫ್ಯಾನು ಶಿವಾಜಿನಗರದ ಗುಜರಿ ಸಾಲಿನಲ್ಲಿ ಇಂದಿಗೂ ಸಿಗುತ್ತದೆ. ಮೇಲಿನ ಧೂಳು ಲೆಕ್ಕಕ್ಕಿಲ್ಲ. ರೆಕ್ಕೆಯ ತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಟಕ್ ಟಕ್ ಎಂದರೆ ಬುಷ್ ಹೋಗಿದೆ. ಬೆರಳಿನಿಂದ ಸುತ್ತಿಸಿ, ನುಣುಪಾಗಿ ತಿರುಗಿ ಮೆಲ್ಲಗೆ ನಿಲ್ಲಬೇಕು, ಗರಗರ ಅನ್ನಬಾರದು. ಆಮೇಲೆ ಅಂಗಡಿಯ ಬ್ಯಾಟರಿಗೆ ಕೊಟ್ಟು ಐದು ನಿಮಿಷ ಓಡಿಸಿ. ಸುಟ್ಟ ವಾಸನೆ ಬಂದರೆ, ಸದ್ದು ಏರಿಳಿದರೆ ಅಲ್ಲೇ ಬಿಡಿ. ಒಳ್ಳೆಯದು ಸಿಕ್ಕರೆ ಸುತ್ತಲಿನ ಶ್ರೌಡ್ ಸಮೇತ ತನ್ನಿ. ಅದಿಲ್ಲದ ಫ್ಯಾನ್ ತನ್ನ ಎದುರಿನ ವೃತ್ತದಿಂದ ಮಾತ್ರ ಗಾಳಿ ಎಳೆಯುತ್ತದೆ, ರೇಡಿಯೇಟರಿನ ಮೂಲೆಗಳು ಬಿಸಿಯಾಗಿಯೇ ಉಳಿಯುತ್ತವೆ. ಕನೆಕ್ಟರನ್ನೂ ಒಂದು ಗೇಣು ವೈರ್ ಉಳಿಸಿ ಕತ್ತರಿಸಿಕೊಳ್ಳಿ.

3. ಗಾಳಿಯ ದಿಕ್ಕನ್ನು ಕಾಗದದಿಂದ ಪರೀಕ್ಷಿಸಿ

ಎಂಜಿನ್ ಕಡೆ ಕೂರುವ ಫ್ಯಾನ್ ಗಾಳಿಯನ್ನು ಎಳೆಯಬೇಕು, ಗ್ರಿಲ್ ಕಡೆ ಕೂರುವುದು ತಳ್ಳಬೇಕು. ಜಾಗವಿದ್ದರೆ ಎಳೆಯುವುದೇ ಮೇಲು. ರೆಕ್ಕೆಯನ್ನು ಬಿಚ್ಚಿ ಹಿಂದುಮುಂದಾಗಿ ಹಾಕಿದರೆ ದಿಕ್ಕು ಬದಲಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಆಗುವುದಿಲ್ಲ. ಸ್ಕ್ರೂವನ್ನು ಯಾವ ಕಡೆಯಿಂದ ನೋಡಿದರೂ ಅದರ ಸುತ್ತು ಒಂದೇ ಅಲ್ಲವೇ, ಹಾಗೆ. ವೈರ್ ಅದಲುಬದಲು ಮಾಡಿದರೆ ದಿಕ್ಕು ಬದಲಾಗುತ್ತದೆ, ಆದರೆ ರೆಕ್ಕೆಯ ಬಾಗು ಉಲ್ಟಾ ಬಿದ್ದು ಗಾಳಿ ಕಡಿಮೆಯಾಗುತ್ತದೆ. ಎರಡನ್ನೂ ಒಟ್ಟಿಗೆ ಮಾಡಿದಾಗಲೇ ಸರಿ. ಕೂರಿಸಿದ ಮೇಲೆ ರೇಡಿಯೇಟರಿನ ಮುಂದೆ ಒಂದು ದಿನಪತ್ರಿಕೆಯ ಹಾಳೆ ಹಿಡಿಯಿರಿ. ಅಂಟಿಕೊಂಡು ನಿಂತರೆ ದಿಕ್ಕು ಸರಿಯಾಗಿದೆ.

4. ಪಟ್ಟಿ ಹೊರಲಿ, ರೇಡಿಯೇಟರ್ ಹೊರದಿರಲಿ

ಪ್ಲಾಸ್ಟಿಕ್ ಟೈಗಳನ್ನು ರೇಡಿಯೇಟರಿನ ಜಾಲರಿಯ ಮಧ್ಯೆ ತೂರಿಸಿ ಫ್ಯಾನ್ ಕಟ್ಟುವುದು ಸುಲಭದ ದಾರಿ. ಹಾಗೆ ಕಟ್ಟಿದ್ದ ಗಾಡಿಯೊಂದನ್ನು ಬಿಚ್ಚಿದಾಗ ಪ್ರತಿ ಟೈ ಉಜ್ಜಿದ ಜಾಗದಲ್ಲೂ ತಾಮ್ರದ ಹಸಿರು ಕಲೆ ಇತ್ತು. ಒಂದು ಕಡೆ ಹನಿ ಜಿನುಗುತ್ತಿತ್ತು. ಅಲ್ಯೂಮಿನಿಯಂ ಪಟ್ಟಿ ಎರಡು ಕತ್ತರಿಸಿ, ರೇಡಿಯೇಟರ್ ಕೂರುವ ಬೋಲ್ಟುಗಳಿಗೇ ಕೊಟ್ಟು, ನಡುವೆ ರಬ್ಬರ್ ವಾಷರ್ ಹಾಕಿ. ಎಂಜಿನ್ ತನ್ನ ರಬ್ಬರ್ ಮೌಂಟಿನ ಮೇಲೆ ಮುಂದಕ್ಕೆ ವಾಲುತ್ತದೆ. ಜೋರಾಗಿ ಬ್ರೇಕ್ ಹಾಕಿದಾಗ ಪಂಪಿನ ಮೂತಿ ಮೋಟಾರಿಗೆ ಬಡಿಯಬಾರದು. ನಡುವೆ ಕನಿಷ್ಠ ಒಂದು ಇಂಚು ಇರಲಿ.

5. ಅರ್ತ್ ಚೆನ್ನಾಗಿದ್ದರೆ ಅರ್ಧ ಕೆಲಸ ಮುಗಿದಂತೆ

ನಾನು ಅತಿ ಹೆಚ್ಚು ಕಲಿತದ್ದು ಇಲ್ಲಿ. ನನ್ನ ಗಾಡಿಯ ಫ್ಯಾನ್ ತಿರುಗುತ್ತಿತ್ತು, ಆದರೆ ಮುಳ್ಳು ಇಳಿಯುತ್ತಿರಲಿಲ್ಲ. ಮಲ್ಟಿಮೀಟರ್ ಹಿಡಿದೆ: ಬ್ಯಾಟರಿಯಲ್ಲಿ 12.6 ವೋಲ್ಟ್, ಫ್ಯಾನಿನ ಕನೆಕ್ಟರಿನಲ್ಲಿ 10.4. ಎರಡು ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಸೋರಿತ್ತು. ಅರ್ತ್ ವೈರಿನ ಬೋಲ್ಟನ್ನು ಪೇಂಟಿನ ಮೇಲೆ ಬಿಗಿದಿದ್ದೆ. ಅಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ, ದಪ್ಪ ವೈರನ್ನು ನೇರವಾಗಿ ಬ್ಯಾಟರಿಯ ಅರ್ತ್ ಬಿಂದುವಿಗೆ ತಂದೆ. ಮೀಟರ್ 12.1 ತೋರಿಸಿತು, ಫ್ಯಾನಿನ ಸದ್ದೇ ಬದಲಾಯಿತು.

ವೈರಿಂಗಿನ ಉಳಿದ ಕ್ರಮ ಇದು. ಬ್ಯಾಟರಿಯ ಹತ್ತಿರವೇ 20 ಆಂಪಿಯರ್ ಫ್ಯೂಸ್. ಅಲ್ಲಿಂದ 2.5 ಚದರ ಮಿಲಿಮೀಟರ್ ವೈರ್ ರಿಲೇಯ 30ನೇ ಟರ್ಮಿನಲ್ಲಿಗೆ, 87ರಿಂದ ಫ್ಯಾನಿಗೆ. 86ಕ್ಕೆ ಇಗ್ನಿಷನ್ ಕರೆಂಟು, 85 ಥರ್ಮೋ ಸ್ವಿಚ್ಚಿನ ಮೂಲಕ ಅರ್ತ್‌ಗೆ. ಫ್ಯಾನಿನ ಕರೆಂಟನ್ನು ಎಂದೂ ಇಗ್ನಿಷನ್ ಸ್ವಿಚ್ಚಿನ ಮೂಲಕ ಹಾಯಿಸಬೇಡಿ. ಹಳೆಯ ಸ್ವಿಚ್ಚು ಆ ಹೊರೆಗೆ ಮಾಡಿದ್ದಲ್ಲ.

6. ಥರ್ಮೋ ಸ್ವಿಚ್ಚು ನೀರಿನಲ್ಲಿ ಮುಳುಗಿರಲಿ

92 ಡಿಗ್ರಿಗೆ ಚಾಲೂ ಆಗಿ 87ಕ್ಕೆ ನಿಲ್ಲುವ ಸ್ವಿಚ್ಚು ನನಗೆ ಒಗ್ಗಿದೆ. ಅದನ್ನು ಮೇಲಿನ ಹೋಸ್ ಮಧ್ಯೆ ಲೋಹದ ಜೋಡಣೆ ಕೊಳವೆ ಹಾಕಿ ಕೂರಿಸಬಹುದು. ಆದರೆ ಎರಡೂ ಕಡೆ ರಬ್ಬರ್ ಇರುವುದರಿಂದ ಆ ಕೊಳವೆಗೆ ಅರ್ತ್ ಇರುವುದಿಲ್ಲ. ಒಂದೇ ಟರ್ಮಿನಲ್ಲಿನ ಸ್ವಿಚ್ಚಾದರೆ ಕೊಳವೆಗೆ ಬೇರೆ ಅರ್ತ್ ವೈರ್ ಕೊಡಲೇಬೇಕು. ಡ್ಯಾಶ್‌ಬೋರ್ಡಿನ ಕೆಳಗೆ ಕೈಯಿಂದ ಒತ್ತುವ ಸ್ವಿಚ್ಚೂ ಒಂದಿರಲಿ. ಶಿರಾಡಿ ಘಾಟಿ ಹತ್ತುವಾಗ ಥರ್ಮೋ ಸ್ವಿಚ್ಚು ಕೈಕೊಟ್ಟರೆ ಅದೇ ಕಾಯುತ್ತದೆ.

7. ಡೈನಮೋ ಗಾಡಿಗೆ ಲೆಕ್ಕ ಹಾಕಿ

ನಿಂತ ಗಾಡಿಯಲ್ಲಿ ಡೈನಮೋ ಕೊಡುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಫ್ಯಾನು ಎಂಟು ಹತ್ತು ಆಂಪಿಯರ್ ಕೇಳುತ್ತದೆ, ಎರಡು ಹೆಡ್‌ಲೈಟು ಇನ್ನೂ ಅಷ್ಟೇ. ಮಳೆಯ ರಾತ್ರಿ ಜಾಮಿನಲ್ಲಿ ಸಿಕ್ಕಿಕೊಂಡರೆ ಹೊರೆಯೆಲ್ಲ ಬ್ಯಾಟರಿಯ ಮೇಲೆ. ಆಲ್ಟರ್ನೇಟರ್ ಇರುವ ಗಾಡಿಗೆ ಧೈರ್ಯವಾಗಿ ಹಾಕಿ. ಡೈನಮೋ ಇದ್ದರೆ ಹಳೆಯ ಫ್ಯಾನ್ ಉಳಿಸಿಕೊಂಡು, ಎಲೆಕ್ಟ್ರಿಕ್ ಫ್ಯಾನನ್ನು ಗ್ರಿಲ್ ಕಡೆ ಸಹಾಯಕ್ಕೆ ಮಾತ್ರ ಇಡಿ.

8. ಬಿಚ್ಚಿದ್ದನ್ನು ಎಸೆಯಬೇಡಿ

ಹಳೆಯ ಫ್ಯಾನ್ ತೆಗೆದ ಮೇಲೆ ಪುಲ್ಲಿಗೆ ಉದ್ದದ ಬೋಲ್ಟ್ ಹೊಂದುವುದಿಲ್ಲ, ಗಿಡ್ಡ ಬೋಲ್ಟ್ ಬೇಕು. ತೆಗೆದ ಫ್ಯಾನು, ಬೋಲ್ಟು, ವಾಷರುಗಳಿಗೆ ಗ್ರೀಸ್ ಸವರಿ ಒಂದೇ ಡಬ್ಬದಲ್ಲಿಡಿ. ಬಾಡಿಗೆ ಹೊಸ ತೂತು ಕೊರೆಯಬೇಡಿ. ಇರುವ ತೂತುಗಳೇ ಸಾಕು. ಈ ಗಾಡಿಗಳು ಮತ್ತೆ ತಯಾರಾಗುವುದಿಲ್ಲ. ನಾವು ಮಾಡಿದ್ದನ್ನು ಮುಂದಿನವರು ಅರ್ಧ ದಿನದಲ್ಲಿ ಬಿಚ್ಚಿ ಮೂಲಕ್ಕೆ ತರುವಂತಿರಬೇಕು. ನಿಮ್ಮ ವೈರಿಂಗನ್ನು ಒಂದು ಹಾಳೆಯಲ್ಲಿ ಬಣ್ಣಗಳ ಸಮೇತ ಬರೆದು ಗಾಡಿಯ ಕಾಗದಪತ್ರಗಳ ಜೊತೆಯಲ್ಲೇ ಇಡಿ.