ದಂಡವಿಲ್ಲದ ಅಧಿಕಾರ

‘ದಂಡ’ವೆಂದರೆ ಕೋಲೂ ಹೌದು, ಶಿಕ್ಷೆಯೂ ಹೌದು. ಇವೆರಡೂ ಇಲ್ಲದ ಅಧಿಕಾರವನ್ನು ಊಹಿಸುವುದು ಕಷ್ಟ. ಆದರೆ ಇಂಗ್ಲೆಂಡಿನ ಮೋಟಾರು ಹೆದ್ದಾರಿಗಳ ಸಂಚಾರಾಧಿಕಾರಿಗಳದು ಅಂಥ ಅಧಿಕಾರವೇ. ಇವರು ಪೊಲೀಸರಲ್ಲ, ಹೆದ್ದಾರಿ ಸಂಸ್ಥೆಯ ನಾಗರಿಕ ನೌಕರರು.

ಆ ದೇಶದ ಮೊದಲ ಮೋಟಾರು ಹೆದ್ದಾರಿ 1958ರಲ್ಲಿ ಪ್ರೆಸ್ಟನ್ ಪಟ್ಟಣದ ಬಳಿ ತೆರೆಯಿತು. ಅಪರಾಧಿಗಳನ್ನು ಬೆನ್ನಟ್ಟಬೇಕಾದ ಪೊಲೀಸರೇ ಕೆಟ್ಟುನಿಂತ ಲಾರಿಗೂ ಕಾವಲು ನಿಲ್ಲುವ ಪದ್ಧತಿ ಬಹುಕಾಲ ನಡೆಯಿತು. 2004ರ ಸಂಚಾರ ನಿರ್ವಹಣಾ ಶಾಸನವು ಈ ಹೊರೆಯನ್ನು ವಿಭಾಗಿಸಿತು. ಅದೇ ವರ್ಷ ವೆಸ್ಟ್ ಮಿಡ್‌ಲ್ಯಾಂಡ್ಸ್ ಪ್ರಾಂತದಲ್ಲಿ ನೂತನ ಅಧಿಕಾರಿಗಳು ರಸ್ತೆಗಿಳಿದರು.

ಸಮವಸ್ತ್ರದಲ್ಲಿರುವಾಗ ಇವರು ವಾಹನಗಳನ್ನು ತಡೆದು ನಿಲ್ಲಿಸಬಹುದು, ಬೇರೆಡೆಗೆ ತಿರುಗಿಸಬಹುದು, ಮಾರ್ಗವನ್ನೇ ಮುಚ್ಚಬಹುದು. ಇವರ ಆಜ್ಞೆಯನ್ನು ಮೀರುವುದು ಅಪರಾಧ. ಆದರೆ ಮೀರಿದವನನ್ನು ಬಂಧಿಸುವ ಅಧಿಕಾರ ಇವರಿಗಿಲ್ಲ, ಅದು ಪೊಲೀಸರದು. ಹಳದಿ-ಕಪ್ಪು ಚೌಕಗಳ ಇವರ ವಾಹನಕ್ಕೆ ನೀಲಿ ದೀಪವೂ ಇಲ್ಲ.

ಇವರ ಕುಶಲತೆ ಎದ್ದು ಕಾಣುವುದು ಚಲಿಸುವ ತಡೆಯಲ್ಲಿ. ಯಾವುದೋ ವಾಹನದಿಂದ ಏಣಿಯೊಂದು ನಡುಪಥಕ್ಕೆ ಬಿದ್ದಿದೆಯೆನ್ನೋಣ. ಕಾರುಗಳಿಗೆ ಅಲ್ಲಿ ಗಂಟೆಗೆ 70 ಮೈಲಿ, ಅಂದರೆ ಸುಮಾರು 112 ಕಿಲೋಮೀಟರು ವೇಗಕ್ಕೆ ಅನುಮತಿಯುಂಟು. ಆ ಪ್ರವಾಹದ ನಡುವೆ ಇಳಿದು ಏಣಿಯನ್ನೆತ್ತುವುದೆಂದರೆ ಪ್ರಾಣವನ್ನು ಪಣವಿಟ್ಟಂತೆ. ಆದುದರಿಂದ ಅಧಿಕಾರಿಯ ವಾಹನವು ಏಣಿಯಿಂದ ಬಹುದೂರ ಹಿಂದೆಯೇ ಮಾರ್ಗವನ್ನು ಪ್ರವೇಶಿಸಿ, ದೀಪಗಳನ್ನು ಮಿನುಗಿಸುತ್ತ ಎಲ್ಲಕ್ಕೂ ಮುಂದೆ ನಿಲ್ಲುತ್ತದೆ. ಯಾರೂ ದಾಟಿಹೋಗದಂತೆ ಪಥಗಳನ್ನು ಆವರಿಸಿಕೊಂಡು ಮೆಲ್ಲಮೆಲ್ಲನೆ ವೇಗವನ್ನು ಇಳಿಸುತ್ತದೆ. ಹಿಂದಿನವರು ನಿಧಾನಿಸುತ್ತಾರೆ, ಮುಂದಿನವರು ಸಾಗಿಹೋಗುತ್ತಾರೆ; ಇಬ್ಬರ ನಡುವೆ ಬರಿದಾದ ರಸ್ತೆ ತೆರೆದುಕೊಳ್ಳುತ್ತದೆ. ಆ ಕೆಲವೇ ನಿಮಿಷಗಳಲ್ಲಿ ಸಹೋದ್ಯೋಗಿಯು ಇಳಿದು ಏಣಿಯನ್ನು ತೆಗೆಯಬೇಕು. ಹೊತ್ತಿನ ಲೆಕ್ಕ ತಪ್ಪಿದರೆ ತೆರುವವನು ಅವನೇ. ಇಂಥದನ್ನು ಕಾಯಕವೆನ್ನದೆ ಬೇರೇನೆನ್ನಬೇಕು!

ಕೆಲವು ಹೆದ್ದಾರಿಗಳಲ್ಲಿ ಕೆಟ್ಟ ವಾಹನ ನಿಲ್ಲಲೆಂದಿದ್ದ ಅಂಚುಪಟ್ಟಿಯನ್ನೂ ಸಂಚಾರಕ್ಕೆ ಬಿಟ್ಟುಕೊಟ್ಟದ್ದರಿಂದ ಹೊಣೆ ಇನ್ನಷ್ಟು ಗುರುತರವಾಯಿತು. ಅಲ್ಲಿ ಕೆಟ್ಟ ಕಾರು ತುರ್ತು ತಂಗುದಾಣವನ್ನು ಮುಟ್ಟಲಾರದಿದ್ದರೆ ಓಡುವ ಪಥದಲ್ಲಿಯೇ ನಿಂತುಬಿಡುತ್ತದೆ. ನಿಯಂತ್ರಣ ಕೇಂದ್ರದವರು ಅದನ್ನು ಗುರುತಿಸಿ, ಪಥದ ಮೇಲೆ ಕೆಂಪು ಗುಣಿಸುಚಿಹ್ನೆಯನ್ನು ಬೆಳಗಿಸಿ, ಅಧಿಕಾರಿಗಳನ್ನು ಕಳುಹಿಸಬೇಕು. ಕಳೆಯುವ ಒಂದೊಂದು ಕ್ಷಣವೂ ಒಳಗಿರುವವರಿಗೆ ಗಂಡಾಂತರ. ಹೊಸದಾಗಿ ಇಂಥ ಮಾರ್ಗಗಳನ್ನು ನಿರ್ಮಿಸುವ ಯೋಜನೆಗಳನ್ನು ಬ್ರಿಟಿಷ್ ಸರ್ಕಾರವು 2023ರಲ್ಲಿ ರದ್ದುಗೊಳಿಸಿತು, ಇದ್ದವು ಉಳಿದಿವೆ.