ಜಾಲಪುಟದ ನಿಧಾನವನ್ನು ಅಳೆಯುವುದು ಹೇಗೆ?

ಕಳೆದ ವರ್ಷ ನಮ್ಮ ಕಾಲೇಜಿನ ಗ್ರಂಥಭಂಡಾರಕ್ಕೆ ನಾನೊಂದು ಜಾಲಪುಟವನ್ನು ರಚಿಸಿಕೊಟ್ಟೆನೆಂಬುದು ಕೆಲವು ಮಿತ್ರರಿಗೆ ತಿಳಿದಿದೆ. ಪುಸ್ತಕದ ಹೆಸರಿನ ಮೊದಲ ಅಕ್ಷರಗಳನ್ನು ಒತ್ತಿದರೆ ಅದು ಯಾವ ಬೀರುವಿನಲ್ಲಿದೆಯೆಂದು ಪುಟವು ತೋರಿಸಬೇಕು. ತೋರಿಸುತ್ತಲೂ ಇತ್ತು; ಆದರೆ ಒತ್ತಿದ ಅಕ್ಷರವು ಪರದೆಯ ಮೇಲೆ ಮೂಡುವವರೆಗೆ ಕಾದು ನಿಲ್ಲಬೇಕಾಗಿತ್ತು. ಎರಡು ವಾರ ಸಹಿಸಿಕೊಂಡ ಗ್ರಂಥಪಾಲಕರು ಒಂದು ದಿನ ಏನೂ ಹೇಳದೆ ಹಳೆಯ ರಿಜಿಸ್ಟರನ್ನೇ ಮೇಜಿನ ಮೇಲೆ ಬಿಚ್ಚಿಟ್ಟರು. ಬೈದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಹುಡುಕುವ ಭಾಗವೇ ನಿಧಾನವಿರಬೇಕೆಂದು ಊಹಿಸಿ, ಎರಡು ರಾತ್ರಿ ಕುಳಿತು ಅದನ್ನೆಲ್ಲ ತಿದ್ದಿ ಬರೆದೆ. ಫಲ ಸೊನ್ನೆ. ಕಂಪ್ಯೂಟರ್ ವಿಜ್ಞಾನಿಗಳಾದ ಡೊನಾಲ್ಡ್ ಕ್ನೂತ್ ಅವರು ೧೯೭೧ರಲ್ಲಿ ಫೋರ್ಟ್ರಾನ್ ಭಾಷೆಯ ಪ್ರೋಗ್ರಾಮುಗಳನ್ನು ಪರೀಕ್ಷಿಸಿ, ಸಾಮಾನ್ಯವಾಗಿ ಶೇಕಡಾ ೪ಕ್ಕಿಂತ ಕಡಿಮೆ ಭಾಗವೇ ಓಟದ ಕಾಲದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತದೆಂದು ತೋರಿಸಿದ್ದರು. ಆ ಸಣ್ಣ ಭಾಗ ಯಾವುದೆಂಬುದು ಬರೆದವನ ಕಣ್ಣಿಗೇ ಅನೇಕ ವೇಳೆ ಕಾಣದು.

ಅಳೆಯುವ ಸಾಧನವನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಫೈರ್‌ಫಾಕ್ಸ್ ಬ್ರೌಸರಿಗಾಗಿ ಜೋ ಹೆವಿಟ್ ಅವರು ೨೦೦೬ರಲ್ಲಿ ಹೊರತಂದ ಫೈರ್‌ಬಗ್ ಇಂತಹ ಸಾಧನಗಳಿಗೆ ದಾರಿ ತೆರೆಯಿತು. ಈಗ ಬ್ರೌಸರುಗಳ ಒಳಗೇ ಅವು ಅಡಕವಾಗಿವೆ. ಕ್ರೋಮ್‌ನಲ್ಲಿ ಎಫ್ ೧೨ ಕೀಲಿಯನ್ನೊತ್ತಿ, 'ಪರ್ಫಾರ್ಮೆನ್ಸ್' ವಿಭಾಗದಲ್ಲಿ ರೆಕಾರ್ಡ್ ಗುಂಡಿಯನ್ನು ಒತ್ತಿ, ನಿಧಾನವೆನಿಸಿದ ಕೆಲಸವನ್ನು ಮಾಡಿ ನಿಲ್ಲಿಸಿದರಾಯಿತು.

ಅಷ್ಟು ಹೊತ್ತು ಆ ಸಾಧನವು, ಫೈರ್‌ಫಾಕ್ಸ್‌ನಲ್ಲಾದರೆ ಸಾಮಾನ್ಯವಾಗಿ ಮಿಲಿಸೆಕೆಂಡಿಗೊಮ್ಮೆ, ಯಾವ ಫಂಕ್ಷನ್ ಓಡುತ್ತಿದೆ, ಅದನ್ನು ಕರೆದದ್ದು ಯಾವುದು ಎಂದು ಇಣಿಕಿ ನೋಡಿ ಬರೆದುಕೊಳ್ಳುತ್ತಿರುತ್ತದೆ. ಪ್ರಿನ್ಸಿಪಾಲರು ಕ್ಯಾಂಟೀನಿನ ಕಡೆ ಬಂದಾಗಲೆಲ್ಲ ಒಬ್ಬನೇ ವಿದ್ಯಾರ್ಥಿ ಕಣ್ಣಿಗೆ ಬಿದ್ದರೆ, ಅವನು ದಿನದ ಬಹುಭಾಗವನ್ನು ಎಲ್ಲಿ ಕಳೆಯುತ್ತಾನೆಂದು ಬೇರೆ ಹೇಳಬೇಕೆ?

ಫಲಿತಾಂಶವು ಬಣ್ಣದ ಪಟ್ಟಿಗಳ ಒಂದು ಚಿತ್ರ. ಕರೆದ ಫಂಕ್ಷನ್ನಿನ ಕೆಳಗೆ ಅದು ಕರೆದದ್ದು, ಅದರ ಕೆಳಗೆ ಮತ್ತೊಂದು, ಹೀಗೆ ಪಟ್ಟಿಗಳು ಇಳಿಯುತ್ತವೆ. ಇಳಿದ ಆಳವನ್ನು ಕಂಡು ಬೆದರಬೇಕಾಗಿಲ್ಲ. ಕಾಲವನ್ನು ಹೇಳುವುದು ಪಟ್ಟಿಯ ಅಗಲ. ಕ್ರೋಮ್‌ನಲ್ಲಿ ಹಳದಿಯೆಂದರೆ ನಾವು ಬರೆದ ಜಾವಾಸ್ಕ್ರಿಪ್ಟಿನ ಕೆಲಸ, ನೇರಳೆಯೆಂದರೆ ಯಾವುದು ಎಲ್ಲಿ ಕೂರಬೇಕೆಂಬ ವಿನ್ಯಾಸದ ಲೆಕ್ಕ, ಹಸಿರೆಂದರೆ ಬಣ್ಣ ಬಳಿಯುವುದು. ಸೆಕೆಂಡಿಗೆ ೬೦ ಸಲ ಹೊಸದಾಗುವ ಪರದೆಯಲ್ಲಿ ಒಂದು ಚಿತ್ರಕ್ಕೆ ದೊರಕುವ ಕಾಲ ಸುಮಾರು ೧೬.೭ ಮಿಲಿಸೆಕೆಂಡು ಮಾತ್ರ. ೫೦ ಮಿಲಿಸೆಕೆಂಡನ್ನು ಮೀರಿದ ಕೆಲಸಕ್ಕೆ ಕೆಂಪು ಗುರುತು ಬೀಳುತ್ತದೆ.

ನಾನು ನಿರೀಕ್ಷಿಸಿದ್ದು ಹಳದಿ, ಕಂಡದ್ದು ನೇರಳೆ. ಒಂದರ ಪಕ್ಕದಲ್ಲೊಂದು ನೂರಾರು ಪಟ್ಟಿಗಳು! ಎರಡು ರಾತ್ರಿ ತಿದ್ದಿದ ಹುಡುಕುವ ಫಂಕ್ಷನ್ ಆ ಚಿತ್ರದಲ್ಲಿ ಒಂದು ಗೆರೆಯಷ್ಟೂ ಅಗಲವಿರಲಿಲ್ಲ. ನಡೆದದ್ದೇನೆಂದರೆ, ಪುಸ್ತಕದ ಒಂದೊಂದು ಸಾಲನ್ನು ಸೇರಿಸಿದೊಡನೆ ಅದರ ಎತ್ತರವನ್ನು ಕೇಳಿ, ಆಮೇಲೆ ಮುಂದಿನ ಸಾಲನ್ನು ಇಡುತ್ತಿದ್ದೆ. ಪುಟವನ್ನು ಬದಲಿಸಿ ಆ ಕ್ಷಣವೇ ಎತ್ತರವನ್ನು ಕೇಳಿದರೆ ಬ್ರೌಸರು ವಿನ್ಯಾಸವನ್ನು ಮತ್ತೆ ಲೆಕ್ಕ ಹಾಕಲೇಬೇಕು. ಗ್ರೂಪ್ ಫೋಟೋಕ್ಕೆ ಒಬ್ಬೊಬ್ಬರು ಬಂದು ಸೇರಿದಾಗಲೂ ಇದ್ದವರನ್ನೆಲ್ಲ ಎಬ್ಬಿಸಿ ಎತ್ತರದ ಪ್ರಕಾರ ಮತ್ತೆ ನಿಲ್ಲಿಸಿದಂತೆ ಇದು. ಎಲ್ಲ ಸಾಲುಗಳನ್ನೂ ಮೊದಲು ಸೇರಿಸಿ, ಎತ್ತರಗಳನ್ನೆಲ್ಲ ಒಟ್ಟಿಗೆ ಓದಿಕೊಂಡು, ಅನಂತರ ಸ್ಥಾನಗಳನ್ನು ಬರೆಯುವಂತೆ ಮಾಡಿದೆ. ತಿದ್ದಿದ್ದು ಏಳೆಂಟು ಸಾಲು. ಅಕ್ಷರಗಳು ಒತ್ತಿದಂತೆಯೇ ಮೂಡತೊಡಗಿದುವು.

ಇನ್ನೊಂದು ಮಾತು. ಈ ಪುಟವು ಮಿತ್ರನ ಹೊಸ ಕಂಪ್ಯೂಟರಿನಲ್ಲಿ ಮೊದಲಿನಿಂದಲೂ ಸರಾಗವಾಗಿಯೇ ಓಡುತ್ತಿತ್ತು; ನಾನು ಮೋಸಹೋದದ್ದು ಅಲ್ಲಿಯೇ. ಯಂತ್ರವು ನಾಲ್ಕು ಪಟ್ಟು ಅಥವಾ ಆರು ಪಟ್ಟು ನಿಧಾನವಾಗಿದ್ದರೆ ಪುಟ ಹೇಗಿರುತ್ತದೆಂದು ನೋಡುವ ಏರ್ಪಾಡೂ ಕ್ರೋಮ್‌ನ ಅದೇ ವಿಭಾಗದಲ್ಲಿದೆ. ಗ್ರಂಥಭಂಡಾರದ ಹಳೆಯ ಕಂಪ್ಯೂಟರನ್ನೂ ಅಗ್ಗದ ಮೊಬೈಲುಗಳನ್ನೂ ನಂಬಿದವರಿಗಾಗಿ ಪುಟ ಬರೆಯುವವರು ಅದನ್ನು ಬಳಸದೆ ಇರಬಾರದು. ಅಳೆಯುವ ಕೆಲಸವೂ ಯಂತ್ರಕ್ಕೆ ಸ್ವಲ್ಪ ಹೊರೆಯೇ ಆದುದರಿಂದ, ಬಂದ ಅಂಕಿಗಳನ್ನು ವೇದವಾಕ್ಯವೆನ್ನದೆ, ತಿದ್ದುವ ಮೊದಲಿನದನ್ನೂ ಅನಂತರದ್ದನ್ನೂ ಹೋಲಿಸಿ ನೋಡುವುದು ಕ್ಷೇಮ.

ಗ್ರಂಥಪಾಲಕರು ಈಗ ಪುಟವನ್ನು ಬಳಸುತ್ತಿದ್ದಾರೆ. ರಿಜಿಸ್ಟರನ್ನು ಮಾತ್ರ ಇನ್ನೂ ಒಳಗಿಟ್ಟಿಲ್ಲ; ಒಂದು ಸೆಮಿಸ್ಟರು ಕಳೆಯಲಿ, ನೋಡೋಣ ಎಂದಿದ್ದಾರೆ.