ಮಳೆಗೆ ಹಳೇ ಗಾಡಿ ಹೊರಗೆ ತೆಗೆಯುವ ಮುನ್ನ

ಅಪ್ಪನ ಕಾಲದ ಫಿಯೆಟ್ಟನ್ನೋ ಸ್ಟ್ಯಾಂಡರ್ಡ್ ಹೆರಾಲ್ಡನ್ನೋ ಇನ್ನೂ ಜೋಪಾನವಾಗಿ ಇಟ್ಟುಕೊಂಡವರೆಂದರೆ ನನಗೆ ಅಕ್ಕರೆ. ಆದರೆ ಜುಲೈ ತಿಂಗಳ ರವಿವಾರ ಬಂತೆಂದರೆ ನಿಮಗೆ ಏನಾಗುತ್ತದೋ! ಬೆಳಗಾವಿಯ ರಾಮತೀರ್ಥ ನಗರದಿಂದ ಬೆಳಗ್ಗೆ ಹೊರಟು, ಪೀರನವಾಡಿ ದಾಟಿದ್ದೇ ತಡ, ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟಿನವರೆಗೆ ಯಾರು ಮೊದಲು ಎಂಬ ಪೈಪೋಟಿ ಶುರು. ಅದೂ ಮುಂದಿನ ಗಾಡಿಯ ಕೆಂಪು ದೀಪವೂ ಕಾಣದಂಥ ಮಳೆಯಲ್ಲಿ. ಬೇಡ ಎಂದರೆ, ‘ಲೆ ಮಾನ್ಸ್‌ನಲ್ಲಿ ಮಳೆಯಲ್ಲೇ ಓಡಿಸುತ್ತಾರೆ’ ಎಂದು ನನಗೇ ಪಾಠ ಹೇಳುತ್ತೀರಿ.

ಸರಿ, ಲೆ ಮಾನ್ಸ್ ಮಾತೇ ಆಡೋಣ. ಫ್ರಾನ್ಸಿನ ಆ ಊರಲ್ಲಿ ಮೊದಲ 24 ಗಂಟೆಗಳ ರೇಸು ನಡೆದದ್ದು 1923ರ ಮೇ 26 ಮತ್ತು 27ರಂದು. ಶುರುವಿನಲ್ಲೇ ಆಲಿಕಲ್ಲು, ಮಳೆ, ಕೆಸರು. ಬೆಂಟ್ಲಿ ಕಾರಿಗೆ ಮುಂದಿನ ಚಕ್ರಗಳಲ್ಲಿ ಬ್ರೇಕೇ ಇರಲಿಲ್ಲ. ಕಲ್ಲು ಸಿಡಿದು ಅದರ ಹೆಡ್‌ಲೈಟ್ ಒಡೆಯಿತು, ಪೆಟ್ರೋಲ್ ಟ್ಯಾಂಕಿಗೂ ತೂತು ಬಿತ್ತು. ಓಡಿಸುವವರಲ್ಲಿ ಒಬ್ಬನು ಸೈಕಲ್ ಮೇಲೆ ಪೆಟ್ರೋಲ್ ಡಬ್ಬಿ ಹೊತ್ತುಕೊಂಡು ಹೋಗಿ ಗಾಡಿಯನ್ನು ಎಬ್ಬಿಸಿದ. ಹೊರಟ ಕಾರು 33, ಮುಗಿಸಿದ್ದು 30! ಅಂಥ ರೇಸಿನಲ್ಲಿ ಕೊನೆಯವರೆಗೂ ಕೆಡದೆ ಉಳಿಯುವುದೇ ದೊಡ್ಡ ಜಾಣತನ. ಅಲ್ಲಿ ಎದುರಿಗೆ ಗೋವೆಯ ಲಾರಿ ಬರುವುದಿಲ್ಲ ಎಂಬುದನ್ನೂ ನೆನಪಿಡಿ.

ನಿಮ್ಮ ಗಾಡಿಯೂ ಹಾಗೆ ಕೆಡದೆ ಉಳಿಯಬೇಕೆಂದರೆ ಮೊದಲು ಟಯರು ನೋಡಿ. ಶೆಡ್ಡಿನಲ್ಲಿ ನಿಂತ ಗಾಡಿಯ ಟಯರಿನ ಮೇಲೆ ಗೆರೆಗಳು ಹೊಸದರ ಹಾಗೇ ಇರುತ್ತವೆ, ರಬ್ಬರು ಮಾತ್ರ ಒಣಗಿ ಗಟ್ಟಿಯಾಗಿರುತ್ತದೆ. ಹೊರಗೆ ಥಳಕು, ಒಳಗೆ ಹುಳುಕು. ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿ ಓದಿ: 2315 ಎಂದಿದ್ದರೆ ಅದು 2015ರ 23ನೇ ವಾರದ ಟಯರು. ಅದನ್ನು ಇನ್ನು ನಂಬಬೇಡಿ. ಗೆರೆಯ ಆಳ 1.6 ಮಿಲಿಮೀಟರ್ ಇದ್ದರೆ ಕಾನೂನು ಸುಮ್ಮನಿರುತ್ತದೆ, ಆದರೆ ಘಾಟಿನ ಮಳೆ ಸುಮ್ಮನಿರುವುದಿಲ್ಲ. 3 ಮಿಲಿಮೀಟರಿಗೇ ಬದಲಿಸಿ. ಮಳೆಗೆ ಗಾಳಿ ಇಳಿಸಿದರೆ ಹಿಡಿತ ಹೆಚ್ಚು ಎಂದು ಯಾರೋ ಹೇಳಿದ್ದನ್ನು ಪಾಲಿಸುತ್ತೀರಲ್ಲ, ಅದು ಶುದ್ಧ ತಪ್ಪು. ಗಾಳಿ ಕಡಿಮೆಯಾದಷ್ಟೂ ಟಯರು ನೀರನ್ನು ಸೀಳಲಾರದೆ ಬೇಗ ಅದರ ಮೇಲೆ ತೇಲುತ್ತದೆ. ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರಾಯಿತೆಂದರೆ ತೇಲುತ್ತಿದ್ದೀರಿ ಎಂದೇ ಲೆಕ್ಕ. ಆಗ ಬ್ರೇಕ್ ತುಳಿಯಬೇಡಿ, ಸ್ಟೇರಿಂಗ್ ತಿರುಗಿಸಬೇಡಿ. ಆಕ್ಸಲರೇಟರಿನಿಂದ ಮೆಲ್ಲಗೆ ಕಾಲೆತ್ತಿ ನೇರವಾಗಿ ಹಿಡಿದುಕೊಳ್ಳಿ.

ಬ್ರೇಕಿನ ವಿಷಯಕ್ಕೆ ನನಗೆ ಸಿಟ್ಟೇ ಬರುತ್ತದೆ. ಬಂಪರಿಗೆ ಹೊಳಪು ಕೊಡಿಸಲು ದುಡ್ಡಿದೆ, ಬ್ರೇಕ್ ಆಯಿಲ್ ಬದಲಿಸಲು ಇಲ್ಲವೇ? ಆ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಘಾಟಿನ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆ ನೀರು ಕುದಿದು ಆವಿಯಾಗಿ, ಪೆಡಲು ತಳಕ್ಕೆ ಇಳಿದುಬಿಡುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಹಳೇ ಫಿಯೆಟ್ಟಿನ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ನೀರು ಹೊಕ್ಕರೆ ಹಿಡಿಯುವುದೇ ಇಲ್ಲ. ನೀರು ದಾಟಿದ ಮೇಲೆ ನಿಧಾನವಾಗಿ ಸಾಗುತ್ತ, ಪೆಡಲನ್ನು ಹಗುರಾಗಿ ಒತ್ತಿ ಹಿಡಿದು ಒಣಗಿಸಿಕೊಳ್ಳಿ. ಯಾವ ಗೇರಿನಲ್ಲಿ ಏರುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ.

ಡಿಸ್ಟ್ರಿಬ್ಯೂಟರ್ ಕ್ಯಾಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ. ಬೆಂಕಿ ಬಿದ್ದಾಗ ಬಾವಿ ತೋಡಬೇಡಿ, ಮನೆಯಲ್ಲೇ ಬದಲಿಸಿ. ಡೈನಮೋ ಇರುವ ಗಾಡಿಯಾದರೆ ನಿಧಾನಕ್ಕೆ ಹೋಗುವಾಗ ದೀಪ, ವೈಪರ್ ಎರಡೂ ಬ್ಯಾಟರಿಯನ್ನೇ ತಿನ್ನುತ್ತವೆ, ಆದ್ದರಿಂದ ಕತ್ತಲಾಗುವುದರೊಳಗೆ ಮನೆ ಸೇರಿ. ಇನ್ನೊಂದು ಮಾತು: ಮಂಜು ಕವಿದ ಕೂಡಲೇ ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತ ಓಡಿಸುವ ಚಾಳಿ ಬಿಡಿ. ನೀವು ಯಾವ ಕಡೆ ಹೊರಳುತ್ತೀರಿ ಎಂದು ಹಿಂದಿನವರಿಗೆ ಹೇಗೆ ತಿಳಿಯಬೇಕು?

ಜಾಂಬೋಟಿ ಬಳಿಯ ಹಬ್ಬನಹಟ್ಟಿಯ ಮಾರುತಿ ಗುಡಿಗೆ ಮಲಪ್ರಭಾ ಹೊಳೆ ನುಗ್ಗಿದ ಸುದ್ದಿ ಬಂದ ದಿನ ಆ ಕಡೆಯ ಮಾತೇ ಎತ್ತಬೇಡಿ. ಸೇತುವೆಯ ಮೇಲೆ ಒಂದಡಿ ನೀರು ಹರಿದರೂ ಸಣ್ಣ ಕಾರನ್ನು ಎತ್ತಿಕೊಂಡು ಹೋಗುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ.

ಕಾನೂನನ್ನೂ ತಿಳಿದಿರಿ. ಅನುಮತಿ ಇಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ರೇಸು ಮಾಡಿ ಮೊದಲ ಸಲ ಸಿಕ್ಕಿಬಿದ್ದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 50 ವರ್ಷ ದಾಟಿದ ಗಾಡಿಯನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಿದ್ದರೆ, ಪ್ರದರ್ಶನ, ರ್‍ಯಾಲಿ, ಪೆಟ್ರೋಲು, ರಿಪೇರಿಯಂಥ ಕೆಲಸಕ್ಕಷ್ಟೇ ರಸ್ತೆಗಿಳಿಸಬಹುದು. ದಿನದ ಓಡಾಟಕ್ಕಲ್ಲ.

ಪೈಪೋಟಿಯ ಆಸೆ ತಪ್ಪಲ್ಲ. ಅದಕ್ಕೆ ಟಿಎಸ್‌ಡಿ (ಟೈಮ್-ಸ್ಪೀಡ್-ಡಿಸ್ಟನ್ಸ್) ರ್‍ಯಾಲಿಗಳಿವೆ. ಅಲ್ಲಿ ಹೇಳಿದ ಸಮಯಕ್ಕಿಂತ ಬೇಗ ಬಂದರೂ ಅಂಕ ಕಡಿತ, ತಡವಾದರೂ ಕಡಿತ. ಅಧಿಕೃತ ಕ್ಲಬ್ಬು ನಡೆಸುವ ಅಂಥದೊಂದು ರ್‍ಯಾಲಿಗೆ ಹೆಸರು ಕೊಡಿ. ಈ ರವಿವಾರ ಮಾತ್ರ ಗಾಡಿಯನ್ನು ಶೆಡ್ಡಿನಲ್ಲೇ ಬಿಟ್ಟು, ಮೊದಲು ಆ ಬ್ರೇಕ್ ಆಯಿಲ್ ಬದಲಿಸಿ.